ಹಾರದ ವಿಮಾನವನ್ನು ಹಾರಿಸಿದ ಕತೆ

ವಸ್ತುಸಂಗ್ರಹಾಲಯದಲ್ಲಿ ಇರಿಸಿದ ಹಳೆಯ ವಸ್ತುವಿಗೆ ಸ್ವಂತ ಬಾಯಿಲ್ಲ; ಅದರ ಪಕ್ಕದಲ್ಲಿ ತೂಗಹಾಕಿದ ಚೀಟಿಯೇ ಅದರ ಬಾಯಿ. ಕತ್ತಿಯೊಂದರ ಮುಂದೆ ನಿಂತವರು ಚೀಟಿಯನ್ನು ಓದುತ್ತಾರೆ. ಇಂಥ ದೊರೆಯ ಕತ್ತಿ, ಇಂಥ ಕಾಳಗದಲ್ಲಿ ಹಿಡಿದದ್ದು ಎಂದು ನಂಬುತ್ತಾರೆ. ಮುಂದಿನ ಕಪಾಟಿನ ಕಡೆಗೆ ಸಾಗುತ್ತಾರೆ. ಚೀಟಿಯನ್ನು ಬರೆದವರು ಯಾರು, ಅದಕ್ಕೆ ಆಧಾರವೇನು ಎಂದು ಕೇಳುವವರು ನೂರಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಆದರೆ ಇಂಥದೊಂದು ಚೀಟಿಯ ದೆಸೆಯಿಂದ ಜಗತ್ತಿನ ಮೊದಲನೆಯ ವಿಮಾನವೇ ತಾನು ಹುಟ್ಟಿದ ನಾಡನ್ನು ಬಿಟ್ಟು 20 ವರ್ಷ ಕಾಲ ಪರದೇಶದಲ್ಲಿ ಇರಬೇಕಾಯಿತೆಂದರೆ, ಚೀಟಿಯ ಮಾತು ಸಣ್ಣ ಮಾತಲ್ಲವೆಂದು ಒಪ್ಪಬೇಕಾಗುತ್ತದೆ.

ಹಳೆಯ ವಿಮಾನಗಳ ಹುಚ್ಚು ಹತ್ತಿದವರದು ಒಂದು ಪ್ರತ್ಯೇಕ ಲೋಕ. ಅವರಲ್ಲಿ ಎಂಜಿನಿಯರುಗಳುಂಟು, ನಿವೃತ್ತ ವೈಮಾನಿಕರುಂಟು, ಜೀವಮಾನದಲ್ಲಿ ವಿಮಾನದ ಚುಕ್ಕಾಣಿಯನ್ನು ಮುಟ್ಟದ ಗುಮಾಸ್ತರೂ ಉಂಟು. ಒಂದು ರೆಕ್ಕೆಗೆ ಮೊದಲು ಬಳಿದಿದ್ದ ಬಣ್ಣ ಯಾವುದು, ಒಂದು ಕಂಬಿಗೆ ಹಾಕಿದ ಮೊಳೆಗಳೆಷ್ಟು ಎಂಬುದನ್ನು ಹಿಡಿದುಕೊಂಡು ಅವರು ಇಡೀ ರಾತ್ರಿ ವಾದಿಸಬಲ್ಲರು. ಹಳೆಯ ವಿಮಾನವನ್ನು ದುರಸ್ತಿಮಾಡಿ ಮತ್ತೆ ಗಾಳಿಗೆ ಏರಿಸಿದರೇ ಅದಕ್ಕೆ ಜೀವ ಎನ್ನುವುದು ಒಂದು ಪಕ್ಷ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನಲ್ಲಿರುವ ಷಟ್ಲ್‌ವರ್ತ್ ಸಂಗ್ರಹದವರು 1909ರ ಬ್ಲೇರಿಯೋ ವಿಮಾನವೊಂದನ್ನು ಗಾಳಿ ಬೀಸದ ಹೊತ್ತು ನೋಡಿ ಹುಲ್ಲಿನ ಮೇಲೆ ನಾಲ್ಕಾರು ಅಡಿ ಎತ್ತರದಲ್ಲಿ ಹಾರಿಸಿ ತೋರಿಸಿದ್ದುಂಟು. ಹಾಗೆ ಹಾರಿಸಬೇಕಾದರೆ ಸವೆದ ಭಾಗಗಳನ್ನು ತೆಗೆದು ಹೊಸದನ್ನು ಹಾಕಲೇಬೇಕು. ಹಾಕಿದಷ್ಟೂ ಹಳೆಯ ವಿಮಾನ ಕರಗುತ್ತದೆ. ಆದ್ದರಿಂದ ಅದನ್ನು ಮುಟ್ಟದೆ ಹಾಗೆಯೇ ಕಾಪಾಡಬೇಕು ಎನ್ನುವುದು ಎದುರು ಪಕ್ಷ. ಹೊರಗಿನಿಂದ ನೋಡುವವರಿಗೆ ಇದು ಕೆಲಸವಿಲ್ಲದವರ ಕಲಹವೆಂದು ತೋರಿದರೆ ತಪ್ಪಲ್ಲ. ಆದರೂ ಈ ಕಲಹದ ತಿರುಳಿನಲ್ಲಿ ಇತಿಹಾಸಕ್ಕೆ ಸಂಬಂಧಿಸಿದ ದೊಡ್ಡದೊಂದು ಪ್ರಶ್ನೆ ಅಡಗಿದೆ. ಹಳೆಯದನ್ನು ಸರಿಪಡಿಸುವ ಕೈಗೆ ಎಷ್ಟು ಸ್ವಾತಂತ್ರ್ಯ ಉಂಟು? ಅಮೆರಿಕದಲ್ಲಿ ಈ ಪ್ರಶ್ನೆ ಒಮ್ಮೆ ಎಷ್ಟು ಕಹಿಯಾಗಿ ಎದ್ದು ನಿಂತಿತೆಂಬುದನ್ನು ಲ್ಯಾಂಗ್ಲಿಯ ಯಂತ್ರದ ಕತೆ ಹೇಳುತ್ತದೆ.

ಪಂಡಿತನ ಯಂತ್ರ, ಬೈಸಿಕಲ್ಲಿನವರ ಯಂತ್ರ

ಸ್ಯಾಮ್ಯುಯಲ್ ಪಿಯರ್‌ಪಾಂಟ್ ಲ್ಯಾಂಗ್ಲಿ ಹುಟ್ಟಿದ್ದು 1834ರಲ್ಲಿ. ಸೂರ್ಯನ ಶಾಖವನ್ನು ಅಳೆಯುವ ಸೂಕ್ಷ್ಮೋಪಕರಣವನ್ನು ನಿರ್ಮಿಸಿ ಹೆಸರು ಗಳಿಸಿದ ಖಗೋಳ ವಿಜ್ಞಾನಿ ಆತ. 1887ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾದ. ಅಲ್ಲಿ ಕಾರ್ಯದರ್ಶಿಯೆಂದರೆ ಸಂಸ್ಥೆಯ ಮುಖ್ಯಾಧಿಕಾರಿ. ಅಮೆರಿಕದ ವಿಜ್ಞಾನಲೋಕದಲ್ಲಿ ಅದಕ್ಕಿಂತ ದೊಡ್ಡ ಪೀಠಗಳು ಹೆಚ್ಚಾಗಿರಲಿಲ್ಲ. ಅಷ್ಟು ಮಾನ್ಯನಾದವನು ಮನುಷ್ಯ ಹಾರಬಲ್ಲನೆಂದು ಹೇಳುವುದಕ್ಕೆ ಆ ಕಾಲದಲ್ಲಿ ಧೈರ್ಯ ಬೇಕಾಗಿತ್ತು. ಲ್ಯಾಂಗ್ಲಿ ಹೇಳಿದ್ದು ಮಾತ್ರವಲ್ಲ, ಮಾಡಿಯೂ ತೋರಿಸಿದ. 1896ರ ಮೇ 6ರಂದು ಪೊಟೊಮ್ಯಾಕ್ ನದಿಯ ಮೇಲೆ ಅವನ ಉಗಿಯಂತ್ರದ ಮಾದರಿಯೊಂದು, ಚಾಲಕನಿಲ್ಲದೆ, ಮೂರು ಸಾವಿರ ಅಡಿಗೂ ಮಿಕ್ಕಿ ಹಾರಿ ಮೆಲ್ಲನೆ ನೀರಿಗಿಳಿಯಿತು. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅದರ ಚಿತ್ರ ತೆಗೆದ. ಅದೇ ವರ್ಷದ ನವೆಂಬರಿನಲ್ಲಿ ಮತ್ತೊಂದು ಮಾದರಿ ಇನ್ನೂ ದೂರ ಹಾರಿತು.

ಇದನ್ನು ಕಂಡು ಅಮೆರಿಕದ ಸೈನ್ಯ ಇಲಾಖೆ 1898ರಲ್ಲಿ ಮನುಷ್ಯನನ್ನು ಹೊರುವ ಯಂತ್ರ ಕಟ್ಟಲೆಂದು 50,000 ಡಾಲರು ಕೊಟ್ಟಿತು. ಐದು ವರ್ಷಗಳ ದುಡಿಮೆಯಿಂದ ಯಂತ್ರ ಸಿದ್ಧವಾಯಿತು. ಲ್ಯಾಂಗ್ಲಿಯ ಸಹಾಯಕ ಚಾರ್ಲ್ಸ್ ಮ್ಯಾನ್ಲಿ ಅದಕ್ಕಾಗಿ ಅಣಿಗೊಳಿಸಿದ 52 ಅಶ್ವಶಕ್ತಿಯ ಎಂಜಿನು ಆ ಕಾಲಕ್ಕೆ ಒಂದು ಅದ್ಭುತ. ನದಿಯಲ್ಲಿ ನಿಲ್ಲಿಸಿದ ಮನೆದೋಣಿಯ ಮಾಡಿನ ಮೇಲಿಂದ, ಕವಣೆಯಿಂದ ಕಲ್ಲು ಬೀರಿದಂತೆ ಯಂತ್ರವನ್ನು ಮುಂದಕ್ಕೆ ಚಿಮ್ಮಿಸಬೇಕೆಂಬುದು ಯೋಜನೆ. 1903ರ ಅಕ್ಟೋಬರ್ 7ರಂದು ಚಿಮ್ಮಿಸಿದರು; ಯಂತ್ರ ಮೂಗುಮುಂದಾಗಿ ನೀರಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೆ ಚಿಮ್ಮಿಸಿದರು. ಈ ಸಲ ದೋಣಿಯನ್ನು ಬಿಡುತ್ತಲೇ ಹಿಂಬದಿಯ ರೆಕ್ಕೆಗಳು ಮುರಿದುಕೊಂಡವು. ಮಂಜುಗಡ್ಡೆ ತೇಲುತ್ತಿದ್ದ ನೀರಿನಲ್ಲಿ ಯಂತ್ರದ ಅಡಿಗೆ ಸಿಕ್ಕಿಕೊಂಡ ಮ್ಯಾನ್ಲಿ ಬದುಕಿ ಬಂದದ್ದೇ ಹೆಚ್ಚು. ಪತ್ರಿಕೆಗಳು ಮುದುಕನನ್ನು ಹಾಸ್ಯಮಾಡಿದವು. ಯಂತ್ರ ಕೆಟ್ಟದ್ದಲ್ಲ, ಚಿಮ್ಮಿಸುವ ಸಾಧನ ಕೈಕೊಟ್ಟಿತು ಎಂದು ಲ್ಯಾಂಗ್ಲಿ ಕೊನೆಯವರೆಗೂ ನಂಬಿದ್ದ. 1906ರಲ್ಲಿ ಅವನು ತೀರಿಕೊಂಡ.

ಆ ಡಿಸೆಂಬರಿನ ಸೋಲಿಗೆ ಒಂಬತ್ತು ದಿನಗಳಾಗುವಷ್ಟರಲ್ಲಿ, ಡಿಸೆಂಬರ್ 17ರಂದು, ಉತ್ತರ ಕೆರೊಲಿನಾದ ಕಿಟಿ ಹಾಕ್ ಬಳಿಯ ಮರಳುದಿಬ್ಬದ ಮೇಲೆ ಇಬ್ಬರು ಅಣ್ಣತಮ್ಮಂದಿರು ಹಾರಿದರು. ಓಹಾಯೊ ಪ್ರಾಂತದ ಡೇಟನ್ ಊರಿನಲ್ಲಿ ಬೈಸಿಕಲ್ ಅಂಗಡಿ ಇಟ್ಟುಕೊಂಡಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟರು ಕಾಲೇಜಿನ ಪದವಿ ಪಡೆದವರಲ್ಲ. ಸರಕಾರದ ಹಣ ಕಂಡವರಲ್ಲ. ತಮ್ಮನಾದ ಆರ್ವಿಲ್ ಮೊದಲು ಹಾರಿದ: 12 ಸೆಕೆಂಡು, 120 ಅಡಿ. ಅಂದಿನ ನಾಲ್ಕನೆಯ ಹಾರಾಟದಲ್ಲಿ ಅಣ್ಣ ವಿಲ್ಬರ್ 59 ಸೆಕೆಂಡು, 852 ಅಡಿ ಹೋದ. ಆಮೇಲೆ ಬೀಸಿದ ಒಂದು ಬಿರುಗಾಳಿ ನಿಂತಿದ್ದ ವಿಮಾನವನ್ನು ಮಗುಚಿ ಮುರಿಯಿತು. ಆ ವಿಮಾನ ಮತ್ತೆಂದೂ ಹಾರಲಿಲ್ಲ.

ಇಲ್ಲಿ ಮರೆಯಬಾರದ ಒಂದು ಸಂಗತಿ ಉಂಟು. 1899ರಲ್ಲಿ ವಿಲ್ಬರ್, ಹಾರಾಟದ ಬಗ್ಗೆ ಪ್ರಕಟವಾದ ಬರಹಗಳಿದ್ದರೆ ಕಳುಹಿಸಿರೆಂದು ಕಾಗದ ಬರೆದದ್ದು ಇದೇ ಸ್ಮಿತ್ಸೋನಿಯನ್ ಸಂಸ್ಥೆಗೆ. ಸಂಸ್ಥೆ ಕೆಲವು ಪುಸ್ತಿಕೆಗಳನ್ನು ಕಳುಹಿಸಿತು. ಅವುಗಳಲ್ಲಿ ಲ್ಯಾಂಗ್ಲಿಯ ಬರಹವೂ ಇತ್ತು. ಲ್ಯಾಂಗ್ಲಿಯಂಥ ಪಂಡಿತನೇ ಹಾರಾಟವನ್ನು ನಂಬಿದ್ದಾನೆಂಬುದು ಅಣ್ಣತಮ್ಮಂದಿರಿಗೆ ಧೈರ್ಯ ಕೊಟ್ಟಿತ್ತು. ಮುಂದೆ ಆ ಎರಡು ಹೆಸರುಗಳ ನಡುವೆ ಎದ್ದ ಗೋಡೆಯನ್ನು ಲ್ಯಾಂಗ್ಲಿಯಾಗಲಿ ರೈಟರಾಗಲಿ ಕಟ್ಟಿದ್ದಲ್ಲ.

ಸರೋವರದ ಮೇಲಿನ ಪರೀಕ್ಷೆ

1906ರಲ್ಲಿ ರೈಟರಿಗೆ ಪೇಟೆಂಟು ದೊರೆಯಿತು. ಗಾಳಿಯಲ್ಲಿ ವಿಮಾನ ವಾಲದಂತೆ ಹಿಡಿದು ನಿಲ್ಲಿಸುವ ಉಪಾಯ ಅದರ ಜೀವಾಳ. 1909ರಲ್ಲಿ ಅವರು ಗ್ಲೆನ್ ಕರ್ಟಿಸನ ಮೇಲೆ ದಾವೆ ಹೂಡಿದರು. ಕರ್ಟಿಸ್ ಸಾಮಾನ್ಯನಲ್ಲ. ಮೋಟಾರುಬೈಸಿಕಲ್ಲಿನ ವೇಗದಲ್ಲಿ ದಾಖಲೆ ಮಾಡಿ, ಅಲ್ಲಿಂದ ವಿಮಾನಕ್ಕೆ ನೆಗೆದ ಸಾಹಸಿ. ಕೈಯಲ್ಲಿ ಕಸುಬು ಇದ್ದವನು. ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಅದರ ನಡುವೆಯೇ, 1912ರಲ್ಲಿ, ವಿಲ್ಬರ್ ವಿಷಮಶೀತಜ್ವರದಿಂದ ತೀರಿಕೊಂಡ. ಅಣ್ಣನ ಆಯುಸ್ಸನ್ನು ತಿಂದದ್ದು ಈ ವ್ಯಾಜ್ಯವೇ ಎಂಬ ಕೊರಗು ಆರ್ವಿಲನಿಗೆ ಉಳಿಯಿತು. 1914ರ ಜನವರಿಯಲ್ಲಿ ಮೇಲಿನ ನ್ಯಾಯಾಲಯ ರೈಟರ ಪರವಾಗಿ ತೀರ್ಪಿತ್ತಿತು.

ಸೋತ ಕರ್ಟಿಸನಿಗೆ ಆಗ ಒಂದು ದಾರಿ ತೋರಿತು. ರೈಟರಿಗಿಂತ ಮೊದಲೇ ಹಾರಬಲ್ಲ ವಿಮಾನವೊಂದು ಇತ್ತೆಂದು ಸಾಧಿಸಿದರೆ, ಆ ಪೇಟೆಂಟಿನ ಹಿಡಿತವನ್ನು ಸಡಿಲಿಸಬಹುದಲ್ಲವೆ? ಅತ್ತ ಸ್ಮಿತ್ಸೋನಿಯನ್ನಿನಲ್ಲಿ ಲ್ಯಾಂಗ್ಲಿಯ ನಂತರ ಪೀಠಕ್ಕೆ ಬಂದ ಚಾರ್ಲ್ಸ್ ವಾಲ್ಕಾಟನಿಗೆ ತನ್ನ ಹಿರಿಯ ಮಿತ್ರನ ಹೆಸರಿಗೆ ಹತ್ತಿದ ನಗೆಗೇಡನ್ನು ತೊಳೆಯುವ ಆಸೆ. ಒಬ್ಬನದು ಲಾಭ, ಇನ್ನೊಬ್ಬನದು ನಿಷ್ಠೆ. ಎರಡೂ ಒಂದೇ ಬಾಗಿಲಿಗೆ ಬಂದವು. ಸಂಸ್ಥೆ ಲ್ಯಾಂಗ್ಲಿಯ ಯಂತ್ರವನ್ನೂ 2,000 ಡಾಲರನ್ನೂ ಕರ್ಟಿಸನ ಕೈಗೆ ಕೊಟ್ಟಿತು. ಪರೀಕ್ಷೆಯ ಮೇಲ್ವಿಚಾರಣೆಗೆ ಸಂಸ್ಥೆ ನೇಮಿಸಿದ ಆಲ್ಬರ್ಟ್ ಜಾಮ್ ಎಂಬ ವಿದ್ವಾಂಸ, ಮೊಕದ್ದಮೆಯಲ್ಲಿ ಕರ್ಟಿಸನ ಪರವಾಗಿ ಸಾಕ್ಷಿ ಹೇಳಿದ್ದವನು. ಕಕ್ಷಿಗಾರನೇ ಪರೀಕ್ಷಕ, ಅವನ ಸಾಕ್ಷಿಯೇ ತೀರ್ಪುಗಾರ.

ನ್ಯೂಯಾರ್ಕ್ ಪ್ರಾಂತದ ಹ್ಯಾಮಂಡ್ಸ್‌ಪೋರ್ಟಿನಲ್ಲಿ ಕರ್ಟಿಸನ ಕಾರ್ಖಾನೆ. ಅಲ್ಲಿ ಯಂತ್ರವನ್ನು ‘ದುರಸ್ತಿ’ ಮಾಡಿದರು. ಮುರಿದದ್ದನ್ನು ಇದ್ದ ಹಾಗೆಯೇ ಜೋಡಿಸಿದ್ದರೆ ಅದು ದುರಸ್ತಿ. ಆದರೆ ಇಲ್ಲಿ ರೆಕ್ಕೆಯ ಬಾಗು ಬದಲಾಯಿತು. ಉದ್ದಗಲದ ಪ್ರಮಾಣ ಬದಲಾಯಿತು. ರೆಕ್ಕೆಯನ್ನು ಬಿಗಿಹಿಡಿಯುವ ತಂತಿಗಳಿಗೆ ಆಧಾರವಾದ ಗೂಟ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿಯಿತು. ಚುಕ್ಕಾಣಿ ತಿರುಗಿಸುವ ಏರ್ಪಾಡು, ಎಂಜಿನಿಗೆ ಕಿಡಿಕೊಡುವ ಏರ್ಪಾಡು, ಎಲ್ಲಕ್ಕೂ ಕೈಬಿತ್ತು. ಮನೆದೋಣಿಯ ಕವಣೆಯನ್ನು ಕೈಬಿಟ್ಟು, ನೀರ ಮೇಲೆ ತೇಲುವಂತೆ ಪುಟ್ಟ ದೋಣಿಗಳಾಕಾರದ ಕಾಲುಗಳನ್ನು ಕಟ್ಟಿದರು. 1903ರಲ್ಲಿ ಗೊತ್ತಿರದಿದ್ದ, ಮುಂದಿನ ಹನ್ನೊಂದು ವರ್ಷಗಳಲ್ಲಿ ಲೋಕ ಕಲಿತ ಪಾಠಗಳು ಒಂದೊಂದಾಗಿ ಆ ಮುದಿ ಯಂತ್ರದೊಳಗೆ ಸೇರಿಕೊಂಡವು. 1914ರ ಮೇ 28ರಂದು ಕ್ಯೂಕಾ ಸರೋವರದ ನೀರಿನಿಂದ ಅದು ಎದ್ದಿತು. ಸುಮಾರು ಐದು ಸೆಕೆಂಡು, 150 ಅಡಿ; ಮತ್ತೆ ನೀರಿಗೆ ಇಳಿಯಿತು. ಆಮೇಲೆ ಮ್ಯಾನ್ಲಿಯ ಎಂಜಿನನ್ನೇ ತೆಗೆದು ಕರ್ಟಿಸನ ಎಂಜಿನನ್ನು ಕೂರಿಸಿ ಇನ್ನೂ ಕೆಲವು ಸಲ ಹಾರಿಸಿದರು.

ಯಂತ್ರ ತನ್ನ ಮೂಲ ಕಟ್ಟಡದಿಂದಲೇ ಹಾರಬಲ್ಲದೆಂದು ಸಿದ್ಧವಾಯಿತೆಂದು ಸಂಸ್ಥೆಯ ವಾರ್ಷಿಕ ವರದಿ ಸಾರಿತು. ಇಷ್ಟಕ್ಕೇ ನಿಲ್ಲಲಿಲ್ಲ. ಪರೀಕ್ಷೆ ಮುಗಿದ ಮೇಲೆ ಹೊಸದಾಗಿ ಹಾಕಿದ್ದನ್ನೆಲ್ಲ ಕಿತ್ತು, ಯಂತ್ರವನ್ನು 1903ರ ರೂಪಕ್ಕೇ ತಂದು, 1918ರಲ್ಲಿ ಪ್ರದರ್ಶನಕ್ಕಿಟ್ಟರು. ಮನುಷ್ಯನನ್ನು ಹೊತ್ತು ಹಾರುವ ಸಾಮರ್ಥ್ಯವಿದ್ದ ಜಗತ್ತಿನ ಮೊದಲನೆಯ ವಿಮಾನ ಇದು ಎಂಬ ಅರ್ಥದ ಚೀಟಿಯನ್ನು ಪಕ್ಕದಲ್ಲಿ ತೂಗಹಾಕಿದರು. ಹಾರಿದ ಯಂತ್ರ ಒಂದು. ನೋಡಲು ಇಟ್ಟ ಯಂತ್ರ ಇನ್ನೊಂದು. ಎರಡಕ್ಕೂ ಚೀಟಿ ಮಾತ್ರ ಒಂದೇ. ಅನುಮಾನ ಬಂದು ಹತ್ತಿರ ಹೋಗಿ ಪರೀಕ್ಷಿಸಿದವನಿಗೂ ಅಲ್ಲಿ ಕಾಣುವುದು 1903ರ ಯಂತ್ರವೇ. ಕಳ್ಳನ ಹೆಜ್ಜೆಯನ್ನು ಗುಡಿಸಿದ ಮೇಲೆ ಅಂಗಳ ಎಷ್ಟು ಚೊಕ್ಕಟ!

ಓಲೆಗರಿಯ ಕಾವ್ಯಗಳನ್ನು ಸಂಪಾದಿಸುವ ನಮ್ಮವರಿಗೆ ಈ ವಿದ್ಯೆ ಅಪರಿಚಿತವಲ್ಲ. ಹುಳು ತಿಂದ ಕಡೆ ಪ್ರತಿಕಾರ ತನ್ನ ಪದ್ಯವನ್ನು ಹೊಸೆದು ಸೇರಿಸಿ, ಕವಿಯ ಹೆಸರನ್ನೇ ಉಳಿಸುತ್ತಾನೆ. ಅಂಥ ಪದ್ಯವನ್ನು ನಾವು ಪ್ರಕ್ಷಿಪ್ತವೆನ್ನುತ್ತೇವೆ. ಪದ್ಯ ಚೆನ್ನಾಗಿರಬಹುದು, ಕೆಲವೊಮ್ಮೆ ಮೂಲಕ್ಕಿಂತ ಚೆನ್ನಾಗಿಯೂ ಇರಬಹುದು. ಆದರೆ ಅದು ಕವಿಯದಲ್ಲ. ಪ್ರಾಮಾಣಿಕ ಸಂಪಾದಕನೂ ಲೋಪವನ್ನು ತುಂಬುತ್ತಾನೆ. ಆದರೆ ತಾನು ಊಹಿಸಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾನೆ. ಇಬ್ಬರ ನಡುವಣ ಅಂತರವೆಲ್ಲ ಆ ಕಂಸವೊಂದರಲ್ಲಿದೆ. ಹ್ಯಾಮಂಡ್ಸ್‌ಪೋರ್ಟಿನವರು ಕಂಸ ಹಾಕಲಿಲ್ಲ.

ಚೀಟಿಯೊಡನೆ ಕಾದಾಟ

ಆರ್ವಿಲ್ ರೈಟ್ ಸಂಕೋಚದ ಮನುಷ್ಯ. ಸಭೆಯಲ್ಲಿ ಮಾತನಾಡಲು ಹೆದರುವವನು. 1915ರಲ್ಲೇ ತನ್ನ ಕಂಪೆನಿಯನ್ನು ಮಾರಿದ್ದ. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ವಿಮಾನ ತಯಾರಕರೆಲ್ಲ ಪೇಟೆಂಟುಗಳನ್ನು ಒಟ್ಟುಗೂಡಿಸಿಕೊಂಡು ವ್ಯಾಜ್ಯವನ್ನು ಮುಗಿಸಿದ್ದರು. ಆದ್ದರಿಂದ 1918ರ ಚೀಟಿಯಿಂದ ಅವನಿಗೆ ಒಂದು ಕಾಸಿನ ನಷ್ಟವೂ ಇರಲಿಲ್ಲ. ಉಳಿದಿದ್ದದ್ದು ಒಂದೇ ಪ್ರಶ್ನೆ: ಅಂದು ಮರಳಿನ ಮೇಲೆ ತಾವಿಬ್ಬರೂ ಮಾಡಿದ್ದು ಏನು, ಅದು ತಮ್ಮದೋ ಅಲ್ಲವೋ? ಅಣ್ಣ ಉತ್ತರ ಹೇಳಲು ಬದುಕಿರಲಿಲ್ಲ.

ಅವನ ಇಂಗ್ಲಿಷ್ ಮಿತ್ರ ಗ್ರಿಫಿತ್ ಬ್ರೂವರ್, 1914ರಲ್ಲಿ ಹ್ಯಾಮಂಡ್ಸ್‌ಪೋರ್ಟಿಗೆ ಹೋಗಿ ಕಣ್ಣಾರೆ ಕಂಡು ಬಂದಿದ್ದವನು. 1915ರಲ್ಲಿ ಇನ್ನೊಬ್ಬ ಅಣ್ಣ ಲೋರಿನ್ ಗುಟ್ಟಾಗಿ ಅಲ್ಲಿಗೆ ಹೋಗಿ ಯಂತ್ರದ ಚಿತ್ರ ತೆಗೆದಾಗ, ಕಾರ್ಖಾನೆಯವರು ಅವನಿಂದ ಫಿಲ್ಮನ್ನು ಕಸಿದುಕೊಂಡರು. 1921ರಲ್ಲಿ ಬ್ರೂವರ್ ಲಂಡನ್ನಿನಲ್ಲಿ ವಿದ್ವಾಂಸರ ಮುಂದೆ, ಯಂತ್ರದಲ್ಲಿ ಏನೇನು ಬದಲಾಯಿಸಿದರೆಂದು ಪಟ್ಟಿಮಾಡಿ ಭಾಷಣ ಓದಿದ. ಸಂಸ್ಥೆ ಜಗ್ಗಲಿಲ್ಲ. 1925ರಲ್ಲಿ ಆರ್ವಿಲ್, ತನ್ನ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕೊಡುವುದಾಗಿ ಪ್ರಕಟಿಸಿದ. ಆಗಲೂ ಜಗ್ಗಲಿಲ್ಲ. 1928ರಲ್ಲಿ ವಿಮಾನ ಹಡಗು ಹತ್ತಿತು. ಅದು ಪರದೇಶದಲ್ಲಿ ಇರುವುದೇ, ಏಕೆ ಅಲ್ಲಿದೆ ಎಂಬ ಪ್ರಶ್ನೆಯನ್ನು ಸ್ವದೇಶದವರಿಗೆ ನೆನಪಿಸುತ್ತಿರಲಿ ಎಂಬುದು ಅವನ ಆಲೋಚನೆ. ಸತ್ಯಾಗ್ರಹವೆಂಬ ಮಾತು ಅವನಿಗೆ ಗೊತ್ತಿತ್ತೋ ಇಲ್ಲವೋ, ಮಾಡಿದ್ದು ಅದರ ಜಾತಿಯದೇ ಕೆಲಸ.

ಅದೇ ವರ್ಷ ಸಂಸ್ಥೆಗೆ ಹೊಸ ಕಾರ್ಯದರ್ಶಿಯಾಗಿ ಬಂದ ಚಾರ್ಲ್ಸ್ ಆಬಟ್ ಚೀಟಿಯನ್ನು ಮೃದುಗೊಳಿಸಲು ಒಪ್ಪಿದ. ಆರ್ವಿಲನಿಗೆ ಅದು ಸಾಲದಾಯಿತು. ಚೀಟಿಯ ಎರಡು ಮಾತು ತಿದ್ದಿದರೆ ಆಗದು. 1903ರ ಯಂತ್ರಕ್ಕೂ 1914ರ ಯಂತ್ರಕ್ಕೂ ಇದ್ದ ವ್ಯತ್ಯಾಸಗಳನ್ನು ಒಂದೂ ಬಿಡದೆ ಅಚ್ಚುಹಾಕಬೇಕು, ಓದಿದವರು ತಾವೇ ತೀರ್ಮಾನಿಸಲಿ, ಎಂದು ಅವನ ಹಟ. ಅವನು ಹೊಗಳಿಕೆ ಕೇಳಲಿಲ್ಲ, ಪಟ್ಟಿ ಕೇಳಿದ. ಈ ಕತೆಯಲ್ಲಿ ನನಗೆ ಅತ್ಯಂತ ಹಿರಿದಾಗಿ ತೋರುವುದು ಈ ಬೇಡಿಕೆಯೇ. ಇಡಿಯ ವಾದವನ್ನು ಅವನು ಅಭಿಪ್ರಾಯದ ಕೆಸರಿನಿಂದ ಎತ್ತಿ ವಿವರದ ನೆಲದ ಮೇಲೆ ನಿಲ್ಲಿಸಿದ್ದ.

ಪಟ್ಟಿ ಬರಲು ಇನ್ನೂ 14 ವರ್ಷ ಹಿಡಿಯಿತು. 1942ರ ಅಕ್ಟೋಬರಿನಲ್ಲಿ ಆಬಟ್ ಒಂದು ಚಿಕ್ಕ ಪ್ರಬಂಧವನ್ನು ಹೊರಡಿಸಿದ. 1903ರಲ್ಲಿ ಹೀಗಿತ್ತು, 1914ರಲ್ಲಿ ಹೀಗಾಯಿತು ಎಂದು ವ್ಯತ್ಯಾಸಗಳನ್ನು ಎದುರುಬದುರಾಗಿ ಕೊಟ್ಟ. ವ್ಯಾಜ್ಯದಲ್ಲಿ ಪ್ರತಿವಾದಿಯಾಗಿದ್ದ ಕರ್ಟಿಸನ ಕೈಗೆ ಪರೀಕ್ಷೆಯನ್ನು ಒಪ್ಪಿಸಿದ್ದು ಅನುಚಿತವಾಯಿತೆಂದು ವಿಷಾದ ಸೂಚಿಸಿದ. ಪರೀಕ್ಷೆ ನಡೆದು ಆಗ 28 ವರ್ಷ. ಕರ್ಟಿಸನೂ ಇಲ್ಲ, ವಾಲ್ಕಾಟನೂ ಇಲ್ಲ. ಮರುವರ್ಷ ಆರ್ವಿಲ್, ಯುದ್ಧ ಮುಗಿದ ಮೇಲೆ ವಿಮಾನವನ್ನು ಹಿಂದಕ್ಕೆ ಕಳುಹಿಸಬೇಕೆಂದು ಲಂಡನ್ನಿಗೆ ಬರೆದ. ಬಾಂಬುಗಳ ಭಯದಿಂದ ಆಗ ಅದನ್ನು ಲಂಡನ್ನಿನಿಂದ ದೂರ ನೆಲದಡಿಯಲ್ಲಿ ಇಟ್ಟಿದ್ದರು. ಹಿಂದಿರುಗಿದ್ದನ್ನು ನೋಡುವ ಯೋಗ ಅವನಿಗಿರಲಿಲ್ಲ. 1948ರ ಜನವರಿ 30ರಂದು, ನಮ್ಮಲ್ಲಿ ಗಾಂಧೀಜಿ ಗುಂಡಿಗೆ ಬಲಿಯಾದ ದಿನವೇ, ಆರ್ವಿಲ್ ಡೇಟನ್ನಿನಲ್ಲಿ ತೀರಿಕೊಂಡ. ಅದೇ ವರ್ಷದ ಡಿಸೆಂಬರ್ 17ರಂದು, ಮೊದಲ ಹಾರಾಟಕ್ಕೆ 45 ವರ್ಷ ತುಂಬಿದ ದಿನ, ವಿಮಾನ ಸ್ಮಿತ್ಸೋನಿಯನ್ನಿನ ಮಾಡಿನಡಿ ಬಂದು ಸೇರಿತು.

ರೈಟರ ವಿಮಾನವೂ ಹೊಸ ಬಟ್ಟೆ ಉಟ್ಟಿತು

ಕತೆ ಇಲ್ಲಿಗೇ ಮುಗಿದಿದ್ದರೆ, ಹಳೆಯದನ್ನು ಮುಟ್ಟುವುದೇ ಪಾಪವೆಂಬ ಪಕ್ಷಕ್ಕೆ ಜಯ ಸಿಕ್ಕಂತಾಗುತ್ತಿತ್ತು. ಆದರೆ ರೈಟರ ವಿಮಾನದ ಚರಿತ್ರೆಯನ್ನು ಕೆದಕಿದರೆ ತೀರ್ಮಾನ ಅಷ್ಟು ಸುಲಭವಲ್ಲವೆಂದು ತಿಳಿಯುತ್ತದೆ. 1903ರಲ್ಲಿ ಬಿರುಗಾಳಿ ಮುರಿದ ವಿಮಾನವನ್ನು ಅಣ್ಣತಮ್ಮಂದಿರು ಪೆಟ್ಟಿಗೆಗಳಲ್ಲಿ ತುಂಬಿ ಡೇಟನ್ನಿಗೆ ತಂದು ಒಂದು ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಪ್ರದರ್ಶನಕ್ಕೆಂದು ಎರವಲು ಹೋದ ಎಂಜಿನಿನ ಕೆಲವು ಭಾಗಗಳು ಮರಳಲಿಲ್ಲ. 1913ರಲ್ಲಿ ಊರನ್ನೇ ಮುಳುಗಿಸಿದ ಮಹಾಪೂರದಲ್ಲಿ ಪೆಟ್ಟಿಗೆಗಳು ದಿನಗಟ್ಟಲೆ ನೀರು ಕೆಸರುಗಳ ಅಡಿಯಲ್ಲಿದ್ದವು. 1916ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯ ಹೊಸ ಕಟ್ಟಡಗಳ ಉತ್ಸವದಲ್ಲಿ ತೋರಿಸಲೆಂದು ಆರ್ವಿಲ್ ಅದನ್ನು ಮತ್ತೆ ಜೋಡಿಸಿದ. ಲಂಡನ್ನಿಗೆ ಕಳುಹಿಸುವ ಮುಂಚೆ, ಹಳೆಯ ಬಟ್ಟೆಯನ್ನು ಬಿಚ್ಚಿ ಅದೇ ಜಾತಿಯ ಹೊಸ ಮಸ್ಲಿನ್ನನ್ನು ರೆಕ್ಕೆಗಳಿಗೆ ಹೊಲಿಸಿದ. ಆ ಬಟ್ಟೆಯೂ ಹಳತಾಗಿ, 1985ರಲ್ಲಿ ಸಂಸ್ಥೆ ಮತ್ತೊಮ್ಮೆ ಹೊಸದನ್ನು ಹೊದಿಸಿತು. ಅಂದರೆ ವಾಷಿಂಗ್ಟನ್ನಿಗೆ ಹೋದವರು ಕಾಣುವ ರೆಕ್ಕೆಯ ಬಟ್ಟೆ 1903ರದಲ್ಲ. ಅದು ಮೂರನೆಯ ಉಡುಗೆ.

ಹಾಗಾದರೆ ಇದು ರೈಟರ ವಿಮಾನವೆ? ಹಳ್ಳಿಯ ತೇರನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದು ವರ್ಷ ಗಾಲಿ ಮುರಿಯುತ್ತದೆ, ಇನ್ನೊಂದು ವರ್ಷ ಅಚ್ಚು ಸವೆಯುತ್ತದೆ. ಬಡಗಿ ಬಂದು ಹೊಸದನ್ನು ಕೂರಿಸುತ್ತಾನೆ. ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ಬಡಗಿ ಊರಿನವರೆಲ್ಲ ನೋಡುತ್ತಿರುವಂತೆ ಕೆಲಸಮಾಡಿದ. ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಚಿರಪರಿಚಿತ. ದೇವಾಲಯದ ಒಡೆದ, ಬಿರುಕುಬಿಟ್ಟ ಭಾಗಗಳನ್ನು ಸರಿಪಡಿಸಲು ಭೂಮಿಯನ್ನು ದತ್ತಿಬಿಟ್ಟ ಹಿರಿಯರು ಅದನ್ನು ಕಲ್ಲಿನಲ್ಲೇ ಬರೆಸಿದರು. ಗುಡಿ ಸವೆಯುತ್ತದೆ, ಸರಿಪಡಿಸಬೇಕಾಗುತ್ತದೆ ಎಂಬುದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿರಲಿಲ್ಲ.

ಆರ್ವಿಲ್ ಹೊಸ ಬಟ್ಟೆ ಹೊದಿಸಿದ್ದನ್ನು ಮುಚ್ಚಿಡಲಿಲ್ಲ. ಬಿಚ್ಚಿದ ಹಳೆಯ ಬಟ್ಟೆಯನ್ನು ಬಿಸಾಡಲೂ ಇಲ್ಲ. ಆ ಹಳೆಯ ಮಸ್ಲಿನ್ನಿನ ಒಂದು ತುಂಡು, ಅದೇ ವಿಮಾನದ ಪ್ರೊಪೆಲ್ಲರಿನ ಮರದ ಒಂದು ಚೂರಿನೊಡನೆ, 1969ರಲ್ಲಿ ಆರ್ಮ್‌ಸ್ಟ್ರಾಂಗನ ಸಂಗಡ ಚಂದ್ರನ ಮೇಲಕ್ಕೆ ಹೋಗಿಬಂತು. 2021ರಲ್ಲಿ ಮಂಗಳಗ್ರಹದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರಿಗೂ ಆ ಬಟ್ಟೆಯ ಅಂಚೆಚೀಟಿಯಷ್ಟು ತುಣುಕನ್ನು ಅಂಟಿಸಿದ್ದರು. ಹೊಸದು ಯಾವುದು, ಹಳೆಯದು ಯಾವುದು ಎಂಬ ಲೆಕ್ಕ ಸರಿಯಾಗಿದ್ದುದರಿಂದಲೇ ಆ ತುಣುಕಿಗೆ ಅಷ್ಟು ಬೆಲೆ. ಆದ್ದರಿಂದ ದೋಷ ದುರಸ್ತಿಯದಲ್ಲ. ದುರಸ್ತಿಯನ್ನು ಮರೆಮಾಚಿ, ಹೊಸ ಕೈಯ ಕೆಲಸವನ್ನು ಹಳೆಯ ಕೈಯ ಹೆಸರಿಗೆ ಬರೆಯುವುದೇ ದೋಷ.

ಇನ್ನೂ ಮುಗಿಯದ ವಾದ

ಮೊದಲು ಹಾರಿದವರು ಯಾರೆಂಬ ವಾದ ಲ್ಯಾಂಗ್ಲಿಯೊಡನೆ ತೀರಲಿಲ್ಲ. ಬ್ರೆಜಿಲಿನವರಿಗೆ ಕೇಳಿದರೆ ಸಾಂತೋಸ್ ದುಮೊಂ ಎನ್ನುತ್ತಾರೆ. ಪ್ಯಾರಿಸಿನ ಬೀದಿಯಲ್ಲಿ ತನ್ನ ಮನೆಯ ಬಾಗಿಲಿಗೆ ಪುಟ್ಟ ವಾಯುನೌಕೆಯನ್ನು ಕುದುರೆಯಂತೆ ಕಟ್ಟಿ, ಎತ್ತರದಲ್ಲಿ ಕೂತು ಅಭ್ಯಾಸವಾಗಲೆಂದು ಏಣಿ ಹತ್ತಿ ಕೂರುವ ಊಟದ ಮೇಜನ್ನು ಮಾಡಿಸಿಕೊಂಡಿದ್ದ ಈ ವಿಚಿತ್ರ ಶ್ರೀಮಂತ, 1906ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಜನಸಮೂಹದ ಎದುರಿಗೆ 60 ಮೀಟರು ಹಾರಿದ. ಅವನ ವಿಮಾನ ತನ್ನ ಗಾಲಿಗಳ ಮೇಲೆಯೇ ಓಡಿ ಎದ್ದಿತು. ರೈಟರದು ಹಳಿಯ ಮೇಲಿಂದ, ಎದುರುಗಾಳಿಯ ನೆರವಿನಿಂದ ಎದ್ದಿತು ಎಂಬುದು ಅವರ ವಾದ. ಇದು ‘ಹಾರುವುದು’ ಎಂಬ ಮಾತಿಗೆ ಯಾವ ಅರ್ಥ ಎಂಬ ಜಗಳ. ಇಲ್ಲಿ ಯಾರೂ ಸಾಕ್ಷ್ಯವನ್ನು ತಿದ್ದಿಲ್ಲ; ಹೀಗಾಗಿ ಜಗಳದಲ್ಲಿ ವಿಷವೂ ಇಲ್ಲ.

ಗುಸ್ಟಾವ್ ವೈಟ್‌ಹೆಡ್ಡನ ವಿಷಯ ಹಾಗಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆಬಂದ ಈ ಬಡ ಮೆಕ್ಯಾನಿಕ್ಕು 1901ರ ಆಗಸ್ಟಿನಲ್ಲೇ ಕನೆಕ್ಟಿಕಟ್ಟಿನ ಬ್ರಿಜ್‌ಪೋರ್ಟಿನ ಬಳಿ ಹಾರಿದನೆಂದು ಅಲ್ಲಿನ ವಾರಪತ್ರಿಕೆಯೊಂದು ಬರೆದಿತ್ತು. ಹಾರಾಟದ ಚಿತ್ರವೊಂದೂ ಸಿಕ್ಕಿಲ್ಲ. ಕಣ್ಣಾರೆ ಕಂಡೆವೆಂದವರ ಪ್ರಮಾಣಪತ್ರಗಳನ್ನು ಸಂಗ್ರಹಿಸಿದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ. 1986ರಲ್ಲಿ ಅವನ ಅಭಿಮಾನಿಗಳು ಆ ಯಂತ್ರದ ಪ್ರತಿಕೃತಿಯೊಂದನ್ನು ಕಟ್ಟಿ, ಹೊಸ ಕಾಲದ ಎಂಜಿನುಗಳನ್ನು ಕೂರಿಸಿ ಹಾರಿಸಿದರು. 2013ರಲ್ಲಿ ‘ಜೇನ್ಸ್’ ಎಂಬ ಪ್ರಸಿದ್ಧ ವಿಮಾನ ವಾರ್ಷಿಕದ ಸಂಪಾದಕ ವೈಟ್‌ಹೆಡ್ಡನೇ ಮೊದಲಿಗನೆಂದು ಬರೆದ. ಕನೆಕ್ಟಿಕಟ್ ಪ್ರಾಂತ ಅದನ್ನು ಶಾಸನವಾಗಿಯೇ ಅಂಗೀಕರಿಸಿತು. ಎರಡು ವರ್ಷಗಳ ಮೇಲೆ ಆ ವಾರ್ಷಿಕದ ಪ್ರಕಾಶಕರು, ಅದು ಸಂಪಾದಕನ ಅಭಿಪ್ರಾಯವೇ ಹೊರತು ತಮ್ಮದಲ್ಲವೆಂದು ಕೈತೊಳೆದುಕೊಂಡರು. 1986ರ ಎಂಜಿನಿನಿಂದ ಹಾರಿದ ಪ್ರತಿಕೃತಿ, 1901ರಲ್ಲಿ ಏನಾಯಿತೆಂಬುದಕ್ಕೆ ಎಷ್ಟು ಸಾಕ್ಷಿ? ಕ್ಯೂಕಾ ಸರೋವರದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಇಲ್ಲಿಯೂ.

ಇದಕ್ಕೆ ಎದುರಾದ ಇನ್ನೊಂದು ನಿದರ್ಶನವನ್ನು ನೋಡಿ. ರೈಟರ ಹಾರಾಟಕ್ಕೆ ನೂರು ವರ್ಷ ತುಂಬಿದ 2003ರ ಡಿಸೆಂಬರ್ 17ರಂದು ಕಿಟಿ ಹಾಕ್ ಬಳಿಯ ಅದೇ ನೆಲದಲ್ಲಿ, ಅವರ ವಿಮಾನದ ನಿಷ್ಠವಾದ ಪ್ರತಿಕೃತಿಯೊಂದನ್ನು ಹಾರಿಸಲು ಏರ್ಪಾಡಾಗಿತ್ತು. ಅಮೆರಿಕದ ಅಧ್ಯಕ್ಷರೇ ಸಮಾರಂಭಕ್ಕೆ ಬಂದಿದ್ದರು. ಮಳೆ ಸುರಿಯಿತು, ಗಾಳಿ ಸಾಲದೆ ಹೋಯಿತು. ವಿಮಾನ ಹಳಿಯ ಮೇಲೆ ಓಡಿ ಕೆಸರಿಗೆ ಇಳಿಯಿತು. ಎಂಜಿನಿಗೆ ಸ್ವಲ್ಪ ಬಲ ಸೇರಿಸಿದ್ದರೆ, ರೆಕ್ಕೆಯನ್ನು ಸ್ವಲ್ಪ ತಿದ್ದಿದ್ದರೆ ಅದು ಎದ್ದೀತು. ಕಟ್ಟಿದವರು ಹಾಗೆ ಮಾಡಲಿಲ್ಲ. ಜಗತ್ತೆಲ್ಲ ನೋಡುತ್ತಿದ್ದಾಗ ಅವರು ಸೋಲನ್ನೇ ಆರಿಸಿಕೊಂಡರು. ಆ ಸೋಲಿನಿಂದ 1903ರ ಹಾರಾಟ ಸುಳ್ಳಾಗಲಿಲ್ಲ. ಹನ್ನೆರಡು ಅಶ್ವಶಕ್ತಿಯ ಎಂಜಿನಿಟ್ಟುಕೊಂಡು ಅಣ್ಣತಮ್ಮಂದಿರು ಸಾಧಿಸಿದ್ದು ಎಂಥ ಅಂಚಿನ ಮೇಲಿನ ನಡಿಗೆಯೆಂಬುದು ನೂರು ಪುಸ್ತಕಗಳಿಗಿಂತ ಚೆನ್ನಾಗಿ ಮನವರಿಕೆಯಾಯಿತು. ಹಾರಿದ 1914ರ ಯಂತ್ರ ಏನನ್ನೂ ಕಲಿಸಲಿಲ್ಲ. ಹಾರದ 2003ರ ಯಂತ್ರ ಕಲಿಸಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1948ರಲ್ಲಿ ರೈಟರ ವಾರಸುದಾರರು ವಿಮಾನವನ್ನು ಸ್ಮಿತ್ಸೋನಿಯನ್ನಿಗೆ ಒಂದು ಡಾಲರಿಗೆ ಮಾರಿದಾಗ, ಒಪ್ಪಂದದಲ್ಲಿ ಒಂದು ಷರತ್ತು ಹಾಕಿದರು: ಇದಕ್ಕಿಂತ ಮುಂಚೆ ಬೇರಾವ ವಿಮಾನವಾದರೂ ಮನುಷ್ಯನನ್ನು ಹೊತ್ತು ತನ್ನ ಬಲದಿಂದ ಹತೋಟಿಯಲ್ಲಿ ಹಾರಬಲ್ಲದ್ದಾಗಿತ್ತೆಂದು ಸಂಸ್ಥೆ ಪ್ರಕಟಿಸಿದರೆ, ವಿಮಾನವನ್ನು ಹಿಂದಕ್ಕೆ ಪಡೆಯಬಹುದು. ಸುಟ್ಟ ಕೈ ಹಾಲನ್ನೂ ನಂಬದು. ಅವರ ಅಂಜಿಕೆ ಅರ್ಥವಾಗುವಂಥದೇ. ಆದರೆ ವೈಟ್‌ಹೆಡ್ಡನ ಕಡೆಯವರು ಇದನ್ನೇ ಎತ್ತಿ ತೋರಿಸಿ, ಸಂಸ್ಥೆ ಬಾಯಿಕಟ್ಟಿಸಿಕೊಂಡಿದೆ ಎಂದರೆ, ಅವರ ವಾದ ದುರ್ಬಲವಾದರೂ ಆಕ್ಷೇಪಣೆಯಲ್ಲಿ ಹುರುಳಿದೆ. ಚೀಟಿಯಲ್ಲಿ ಬರೆದದ್ದು ಸತ್ಯವೇ ಆಗಿದ್ದರೂ, ಅದನ್ನು ಕರಾರುಪತ್ರ ಕಾಯಬೇಕಾಗಿ ಬಂದಾಗ ಸತ್ಯದ ಕಳೆ ಕುಂದುತ್ತದೆ. 1914ರಲ್ಲಿ ಹೇಳಿದ ಒಂದು ಸುಳ್ಳು, 34 ವರ್ಷಗಳ ಮೇಲೆ ಸತ್ಯದ ಕಾಲಿಗೂ ಹಗ್ಗ ಬಿಗಿಯಿತು.

ಈ ವ್ಯವಹಾರದಲ್ಲಿ ಹೆಚ್ಚು ಕಳೆದುಕೊಂಡವರು ಯಾರು? ರೈಟರಿಗೆ ಕೊನೆಗೆ ನ್ಯಾಯ ಸಿಕ್ಕಿತು. ಕಳೆದುಕೊಂಡವನು ಲ್ಯಾಂಗ್ಲಿ. 1896ರಲ್ಲಿ ಉಗಿಯಂತ್ರವೊಂದನ್ನು ಗಾಳಿಯಲ್ಲಿ ಮುಕ್ಕಾಲು ಮೈಲಿಯಷ್ಟು ಹಾರಿಸಿದ ಮೊದಲಿಗ ಅವನು. ತಾನು ನಂಬಿದ್ದನ್ನು ಲೋಕ ನಗುತ್ತಿದ್ದರೂ ನಂಬಿ, ತನ್ನ ಮಾನವನ್ನು ಪಣವಾಗಿ ಒಡ್ಡಿದವನು. ಅವನ ಕೆಲಸವೇ ಇಬ್ಬರು ಬೈಸಿಕಲ್ ವ್ಯಾಪಾರಿಗಳಿಗೆ ಧೈರ್ಯ ಕೊಟ್ಟಿತ್ತು. ಇಷ್ಟು ಕೀರ್ತಿ ಒಬ್ಬ ಮನುಷ್ಯನಿಗೆ ಸಾಲದೆ? ಮಿತ್ರರು ಅವನಿಗೆ ಸಲ್ಲದ ಕಿರೀಟವನ್ನು ತೊಡಿಸಲು ಹೋಗಿ, ಸಲ್ಲುತ್ತಿದ್ದ ಹಾರವನ್ನು ಕಿತ್ತರು. ಅವನ ಹೆಸರೆತ್ತಿದೊಡನೆ ಜನಕ್ಕೆ ನೆನಪಾಗುವುದು ಪೊಟೊಮ್ಯಾಕ್ ನದಿಯಲ್ಲಿ ಬಿದ್ದ ಯಂತ್ರ, ಇಲ್ಲವೆ ಅದನ್ನು ಕುರಿತ ಮೋಸ.

ಲ್ಯಾಂಗ್ಲಿಯ ಆ ಯಂತ್ರವನ್ನು ವಾಷಿಂಗ್ಟನ್ನಿನ ಹೊರವಲಯದಲ್ಲಿ, 2003ರಲ್ಲಿ ತೆರೆದ ಸ್ಮಿತ್ಸೋನಿಯನ್ನಿನ ದೊಡ್ಡ ವಿಮಾನಶಾಲೆಗೆ ಸೇರಿಸಿದರು. ಅದು ಹಾರಲಿಲ್ಲ ಎಂಬ ಸತ್ಯದೊಡನೆಯೇ ಅದನ್ನು ನೋಡುವುದು ಸಾಧ್ಯವಾದಾಗ, ನಾಲ್ಕು ರೆಕ್ಕೆಗಳ ಆ ನಾಜೂಕಾದ ಕಟ್ಟಡದಲ್ಲಿ ಒಬ್ಬ ಮುದುಕನ ಕನಸೂ ದುಡಿಮೆಯೂ ಕಣ್ಣಿಗೆ ಬೀಳುತ್ತವೆ. ಸೋತದ್ದನ್ನು ಸೋತದ್ದೆಂದೇ ಬರೆದಿಡುವಷ್ಟು ಗೌರವವನ್ನು ಹಿಂದಿನವರಿಗೆ ತೋರಿಸಿದರೆ ಸಾಕು. ಅವರು ಗೆದ್ದದ್ದು ಎಷ್ಟೆಂಬುದು ತಾನಾಗಿ ತಿಳಿದೀತು.